ಗೀಸರ್ ಆಫ್ ಮಾಡಿದ್ಯಾ?

ಭಾಗ 1/7

ಫೋಟೋದಲ್ಲಿರೋದು ನಮ್ಮನೆ ಬಚ್ಚಲುಮನೆ ಹೊರಗಿನ ಸ್ವಿಚ್. ಕೆಂಪು ದೀಪ ಉರೀತಿದೆ ನೋಡಿ. ಈ ದೀಪದ ಬಗ್ಗೆ ಏಳು ಭಾಗ ಬರೀಬೇಕಾ ಅಂತ ನೀವು ಕೇಳಬಹುದು. ಬರೀಬೇಕು. ನಿಮ್ಮನೇಲೂ ಇದೇ ಕಥೆ ನಡೀತಿರುತ್ತೆ ಅಂತ ನನಗೆ ಗೊತ್ತು.

ತುಮಕೂರಿನ ನಮ್ಮ ಮನೇಲಿ ದಿನಕ್ಕೆ ಅತಿ ಹೆಚ್ಚು ಸಲ ಕೇಳೋ ಪ್ರಶ್ನೆ "ಊಟ ಆಯ್ತಾ" ಅಲ್ಲ. "ಗೀಸರ್ ಆಫ್ ಮಾಡಿದ್ಯಾ?" ಅನ್ನೋದು. ಆ ಪ್ರಶ್ನೆ ಹೋಗೋದು ಯಾವಾಗಲೂ ಒಂದೇ ದಿಕ್ಕಿಗೆ, ಅಮ್ಮನ ಕಡೆಗೆ.

ಹೋದ ಡಿಸೆಂಬರ್ ಮೊದಲ ವಾರ ಹಾಸನದಲ್ಲಿ ಅತ್ತೆ ಮಗಳ ಮದುವೆ. ಬೆಳಗ್ಗೆ 6ಕ್ಕೆ ಐದೂ ಜನ ಹೊರಟ್ವಿ. ಧಾರೆ ಮುಗಿದು ಊಟಕ್ಕೆ ಕೂತಿದ್ವಿ, ಎಲೆಗೆ ಹೋಳಿಗೆ ಬಿದ್ದಿತ್ತು, ತುಪ್ಪದವರು ಬರ್ತಿದ್ರು. ಅಮ್ಮ ಇದ್ದಕ್ಕಿದ್ದಂಗೆ ಕೈ ನಿಲ್ಲಿಸಿ "ಗೀಸರ್" ಅಂದ್ರು. ಅಷ್ಟೇ. ಆಮೇಲೆ ಅವರಿಗೆ ಊಟ ಇಳೀಲಿಲ್ಲ. ಮನೆ ಬೀಗದ ಕೈ ನಮ್ಮ ಹತ್ರಾನೇ ಇತ್ತು, ಪಕ್ಕದ ಮನೆಯವರಿಗೆ ಹೇಳಿ ಪ್ರಯೋಜನ ಇರಲಿಲ್ಲ.

ರಾತ್ರಿ 9ಕ್ಕೆ ಬಾಗಿಲು ತೆಗೆದಾಗ ಒಳಗಡೆಯಿಂದ ಬುಸ್ ಅನ್ನೋ ಸದ್ದು. ಬಚ್ಚಲುಮನೆ ತುಂಬಾ ಹಬೆ. ಗೀಸರ್ ಕೆಳಗಿನ ವಾಲ್ವ್‌ನಿಂದ ಕುದಿಯೋ ನೀರು ಸುರೀತಾ ಇತ್ತು, ಗೋಡೆ ಪೇಂಟ್ ಹಪ್ಪಳದ ಥರ ಎದ್ದಿತ್ತು. ಅಪ್ಪ ಮೇನ್ ಆಫ್ ಮಾಡಿ ಹೊರಗೆ ಬಂದು ಹೇಳಿದ ಮೊದಲ ಮಾತು: "ಒಂದು ಸ್ವಿಚ್ ನೆನಪಿರಲ್ವಾ ನಿಂಗೆ?"

ಆವತ್ತು ಕೊನೆಗೆ ಸ್ನಾನ ಮಾಡಿದ್ದು ಅಪ್ಪ.

ಈ ಸರಣಿಯಲ್ಲಿ ನಾನು ಹೇಳೋಕೆ ಹೊರಟಿರೋದು ಒಂದೇ ಮಾತು: ಗೀಸರ್‌ಗೆ ಟೈಮರ್ ಹಾಕಿಸಿ. ಆದರೆ ಅಂಗಡಿಯವರು ಹೇಳೋ ಕಾರಣಕ್ಕಲ್ಲ.

ಭಾಗ 2/7

ಈ ಫೋಟೋದಲ್ಲಿರೋ ಕರಕಲು ಕಡ್ಡಿ ನಮ್ಮ ಹಳೇ ಥರ್ಮೋಸ್ಟಾಟ್. ಎಲೆಕ್ಟ್ರಿಷಿಯನ್ ಬಿಚ್ಚಿ ನನ್ನ ಕೈಗೆ ಕೊಟ್ರು.

ಸುಮಾರು ಜನ ಥರ್ಮೋಸ್ಟಾಟ್, ಟೈಮರ್ ಎರಡೂ ಒಂದೇ ಅಂದ್ಕೊಂಡಿದ್ದಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ. ಥರ್ಮೋಸ್ಟಾಟ್‌ಗೆ ಗೊತ್ತಿರೋದು ಬಿಸಿ ಎಷ್ಟಿದೆ ಅಂತ ಮಾತ್ರ. ನೀರು 60 ಡಿಗ್ರಿ ತಲುಪಿದರೆ ಕರೆಂಟ್ ಕಟ್ ಮಾಡುತ್ತೆ, ತಣ್ಣಗಾದರೆ ಮತ್ತೆ ಕೊಡುತ್ತೆ. ಮನೇಲಿ ಜನ ಇದ್ದಾರೋ, ಹಾಸನದ ಛತ್ರದಲ್ಲಿ ಹೋಳಿಗೆ ತಿಂತಿದ್ದಾರೋ, ಅದಕ್ಕೆ ಗೊತ್ತಿಲ್ಲ. ಟೈಮರ್‌ಗೆ ಗೊತ್ತಿರೋದು ಗಂಟೆ ಎಷ್ಟು ಅಂತ ಮಾತ್ರ. ನೀರು ಬಿಸಿ ಆಗಿದೆಯೋ ಇಲ್ವೋ, ಅದಕ್ಕೆ ಬೇಕಿಲ್ಲ. ಅದಕ್ಕೇ ಎರಡೂ ಬೇಕು, ಒಂದರ ಕೆಲಸ ಇನ್ನೊಂದು ಮಾಡಲ್ಲ.

ಮೂರನೇದು ಒಂದಿದೆ, ಥರ್ಮಲ್ ಕಟೌಟ್. ಥರ್ಮೋಸ್ಟಾಟ್ ಕೆಟ್ಟು ನೀರು ವಿಪರೀತ ಕಾದರೆ ಇದು ಪೂರ್ತಿ ಲೈನ್ ಕಟ್ ಮಾಡಬೇಕು. ನಾಲ್ಕನೇದು ಪ್ರೆಷರ್ ವಾಲ್ವ್. ಇವೆಲ್ಲಾ ಸೋತ ಮೇಲೆ ಒಳಗಿನ ಒತ್ತಡವನ್ನ ಹೊರಗೆ ಬಿಡೋದು ಅದರ ಕೆಲಸ.

ನಮ್ಮ ಗೀಸರ್‌ನಲ್ಲಿ ಆಗಿದ್ದು ಇಷ್ಟು. ಥರ್ಮೋಸ್ಟಾಟ್‌ನ ಕಾಂಟ್ಯಾಕ್ಟ್ ಸುಟ್ಟು ಅಂಟ್ಕೊಂಡುಬಿಟ್ಟಿತ್ತು, ಹಾಗಾಗಿ ಕಟ್ ಆಗ್ತಾನೇ ಇರಲಿಲ್ಲ. ಕಟೌಟ್ ಆದ್ರೂ ಕೆಲಸ ಮಾಡಬೇಕಿತ್ತಲ್ಲ? ಎರಡು ವರ್ಷದ ಹಿಂದೆ ಯಾರೋ ರಿಪೇರಿಗೆ ಬಂದವರು "ಇದು ಪದೇ ಪದೇ ಟ್ರಿಪ್ ಆಗುತ್ತೆ ಸಾರ್" ಅಂತ ಅದನ್ನ ತಪ್ಪಿಸಿ ವೈರ್ ನೇರ ಕೊಟ್ಟು ಹೋಗಿದ್ರು. ಉಳಿದಿದ್ದು ವಾಲ್ವ್ ಒಂದೇ. ಅದೂ ಗಡಸು ನೀರಿನ ಸುಣ್ಣ ಕಟ್ಟಿ ಮುಚ್ಚಿಹೋಗಿದ್ದಿದ್ರೆ ಈ ಪೋಸ್ಟ್ ಬೇರೆ ಥರ ಇರ್ತಿತ್ತು. ಎಲೆಕ್ಟ್ರಿಷಿಯನ್ ಅದನ್ನ ತುಂಬಾ ತಣ್ಣಗೆ ಹೇಳಿದ್ರು, ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಒಂದು ವಿಷಯ ಗಮನಿಸಿ. ಆ ಪಟ್ಟಿಯಲ್ಲಿ ಎಲ್ಲೂ ಅಮ್ಮನ ತಪ್ಪಿಲ್ಲ. ಕೆಟ್ಟಿದ್ದು ಒಂದು ಪಾರ್ಟು, ಕೆಡಿಸಿದ್ದು ಇನ್ನೊಬ್ಬರು. ಬೈಗುಳ ಮಾತ್ರ ಅಮ್ಮನಿಗೆ.

ಭಾಗ 3/7

ಈಗ ಲೆಕ್ಕ. ಬಿಕಾಂ ಓದೋರ ಹತ್ರ ಲೆಕ್ಕ ಕೇಳದೆ ಬಿಡಬೇಡಿ.

"ಟೈಮರ್ ಹಾಕಿಸಿ, ಕರೆಂಟ್ ಬಿಲ್ ಅರ್ಧ ಆಗುತ್ತೆ" ಅಂತ ಅಂಗಡೀಲಿ ಹೇಳ್ತಾರೆ. ಹಾಗಾಗಲ್ಲ. ಹೇಗೆ ಅಂತ ನೋಡಿ.

ಐದು ಜನಕ್ಕೆ ದಿನಕ್ಕೆ ಒಂದೊಂದು ಬಕೆಟ್, 20 ಲೀಟರ್ ಅಂತ ಇಟ್ಕೊಳ್ಳಿ. ನಲ್ಲಿ ನೀರು 25 ಡಿಗ್ರಿ, ಸ್ನಾನಕ್ಕೆ ಬೇಕಾಗಿರೋದು 40. ಒಂದು ಲೀಟರ್ ನೀರನ್ನ ಒಂದು ಡಿಗ್ರಿ ಏರಿಸೋಕೆ ಸುಮಾರು 4.2 ಕಿಲೋಜೂಲ್ ಬೇಕು, 3,600 ಕಿಲೋಜೂಲ್ ಅಂದ್ರೆ ಒಂದು ಯೂನಿಟ್. ಗುಣಿಸಿ ಭಾಗಿಸಿದರೆ ಒಂದು ಬಕೆಟ್‌ಗೆ 0.35 ಯೂನಿಟ್. ಐದು ಬಕೆಟ್‌ಗೆ ದಿನಕ್ಕೆ 1.75, ತಿಂಗಳಿಗೆ 52 ಚಿಲ್ಲರೆ. ಈ ಖರ್ಚನ್ನ ಯಾವ ಟೈಮರ್ರೂ ಕಮ್ಮಿ ಮಾಡಲ್ಲ. ಸ್ನಾನ ಮಾಡಿದರೆ ಆಗೋದೇ ಅದು.

ಟೈಮರ್ ಉಳಿಸೋದು ಸುಮ್ಮನೆ ಸೋರಿಹೋಗೋ ಬಿಸಿಯನ್ನ ಮಾತ್ರ. ಅದೆಷ್ಟು? ಹೊಸ ಥರ್ಮೋಸ್ಟಾಟ್ ಹಾಕಿಸಿದ ಮೇಲೆ ಒಂದು ಭಾನುವಾರ ನಾನೇ ಅಳೆದೆ. ನಮ್ಮ ಗೀಸರ್ 15 ಲೀಟರ್, 2 ಕಿಲೋವ್ಯಾಟ್. ಹೀಟರ್ ಓಡೋವಾಗ ಮಾತ್ರ ಉರಿಯೋ ದೀಪ ಅದರ ಮೈಮೇಲಿದೆ. ಎಲ್ಲರ ಸ್ನಾನ ಆದ ಮೇಲೆ ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಯಾರೂ ನೀರು ಮುಟ್ಟಬಾರದು ಅಂತ ಹೇಳಿ ಆನ್ ಬಿಟ್ಟೆ. ನೋಟ್‌ಬುಕ್ ಹಿಡ್ಕೊಂಡು ಬಾಗಿಲ ಹತ್ರ ಕೂತೆ. (ಅಜ್ಜಿ ಮೂರು ಸಲ ಬಂದು "ಮೈ ಹುಷಾರಿದೆಯಾ ಮಗಾ" ಅಂತ ಕೇಳಿ ಹೋದ್ರು.) ದೀಪ ಆರು ಸಲ ಹತ್ತಿತು, ಪ್ರತಿ ಸಲ ಸುಮಾರು ಮೂರೂವರೆ ನಿಮಿಷ. ಒಟ್ಟು 21 ನಿಮಿಷ, ಅಂದ್ರೆ 0.7 ಯೂನಿಟ್.

ತಿಂಗಳಲ್ಲಿ ಹತ್ತು ದಿನ ಹಗಲೆಲ್ಲಾ ಮರೆತರೆ 7 ಯೂನಿಟ್. ಯೂನಿಟ್‌ಗೆ ಸುಮಾರು 6 ರೂಪಾಯಿ ಹಿಡಿದರೆ 42 ರೂಪಾಯಿ. ಟೈಮರ್‌ಗೂ ಕೂಲಿಗೂ ಸೇರಿ ನಮಗೆ ಆಗಿದ್ದು 1,800. ಪೇಬ್ಯಾಕ್ ಪೀರಿಯಡ್ ಮೂರೂವರೆ ವರ್ಷ. ಪರೀಕ್ಷೇಲಿ ಈ ಪ್ರಾಜೆಕ್ಟ್ ಬಂದಿದ್ರೆ ನಾನೇ ಬೇಡ ಅಂತ ಬರೀತಿದ್ದೆ.

ಇನ್ನೊಂದು ನಂಬಿಕೆ ಇಲ್ಲೇ ಮುಗಿಸ್ತೀನಿ. "ಆಫ್ ಮಾಡಿ ಮತ್ತೆ ಕಾಯಿಸಿದರೆ ಜಾಸ್ತಿ ಕರೆಂಟ್ ಬೇಕು, ಆನ್ ಇದ್ರೇ ಒಳ್ಳೇದು" ಅನ್ನೋರು ಇದ್ದಾರೆ. ತಪ್ಪು. ನೀರು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಬಿಸಿ ಇರುತ್ತೋ ಅಷ್ಟು ಜೋರಾಗಿ ಬಿಸಿ ಸೋರುತ್ತೆ. ತಣ್ಣಗಾಗ್ತಾ ಆಗ್ತಾ ಸೋರೋದು ಕಮ್ಮಿ ಆಗುತ್ತೆ. ಒಂದು ಲೋಟ ಕಾಫಿಗಾಗಿ ಡಿಕಾಕ್ಷನ್ನನ್ನ ದಿನವಿಡೀ ಸಣ್ಣ ಉರಿ ಮೇಲೆ ಯಾರಾದ್ರೂ ಇಡ್ತಾರಾ? ಇದೂ ಅಷ್ಟೇ.

ಭಾಗ 4/7

ಹಾಗಾದ್ರೆ ಯಾಕೆ ಹಾಕಿಸಿ ಅಂತೀನಿ? ಒಂದು ಕಾರಣ ಈ ಫೋಟೋದಲ್ಲಿದೆ, ಡಿಸೆಂಬರ್ ಬಿಲ್.

ಗೃಹಜ್ಯೋತಿ 2023ರ ಆಗಸ್ಟ್‌ನಿಂದ ಇದೆ. 200 ಯೂನಿಟ್ ಫ್ರೀ ಅಂತ ಎಲ್ಲರೂ ಹೇಳ್ತಾರೆ, ಆದರೆ ಅದು ಹಂಗಿಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಸ್ವಲ್ಪ ಸೇರಿಸಿ ನಿಮ್ಮ ಅರ್ಹತೆ ನಿಗದಿ ಆಗುತ್ತೆ. ಅಷ್ಟರೊಳಗಿದ್ರೆ ಸೊನ್ನೆ ಬಿಲ್. ಅದನ್ನ ದಾಟಿ 200ರೊಳಗಿದ್ರೆ ಹೆಚ್ಚಾದ ಯೂನಿಟ್‌ಗಷ್ಟೇ ದುಡ್ಡು. 200 ದಾಟಿದ್ರೆ ಆ ತಿಂಗಳು ಪೂರ್ತಿ ಬಿಲ್ ನಿಮ್ಮದೇ.

ನಮ್ಮ ಮನೆಯ ಅರ್ಹತೆ 172. ಡಿಸೆಂಬರ್‌ನಲ್ಲಿ ಮೀಟರ್ ತೋರಿಸಿದ್ದು 221. ಮದುವೆ ದಿನ 15 ಗಂಟೆ 2 ಕಿಲೋವ್ಯಾಟ್ ಹೀಟರ್ ನಿಲ್ಲದೆ ಓಡಿದ್ರೆ 30 ಯೂನಿಟ್. ಆ 30 ತೆಗೆದುಬಿಟ್ಟರೆ 191. ಆಗ ನಾವು ಕೊಡಬೇಕಾಗಿದ್ದು 19 ಯೂನಿಟ್‌ಗೆ, ಹತ್ರ ಹತ್ರ 114 ರೂಪಾಯಿ. ಕೊಟ್ಟಿದ್ದು 221 ಯೂನಿಟ್‌ಗೂ ಸೇರಿ, ಅಂದ್ರೆ ಎನರ್ಜಿ ಚಾರ್ಜ್ ಒಂದೇ 1,300 ದಾಟಿತು. ಫಿಕ್ಸೆಡ್ ಚಾರ್ಜ್, ಟ್ಯಾಕ್ಸ್ ಬೇರೆ.

ಕ್ಲಾಸಲ್ಲಿ ಮಾರ್ಜಿನಲ್ ಕಾಸ್ಟ್ ಪಾಠ ಮಾಡೋವಾಗ ನನಗೆ ಅರ್ಥ ಆಗಿರಲಿಲ್ಲ, ಈ ಬಿಲ್ ನೋಡಿದಾಗ ಆಯ್ತು. ಆ 30 ಯೂನಿಟ್‌ನಿಂದ ನಮಗೆ ಹೆಚ್ಚಿಗೆ ಬಿದ್ದಿದ್ದು ಸುಮಾರು 1,200 ರೂಪಾಯಿ, ಅಂದ್ರೆ ಯೂನಿಟ್‌ಗೆ 40. ಬೋರ್ಡಲ್ಲಿರೋ ರೇಟ್ 6, ನಮಗೆ ಬಿದ್ದ ರೇಟ್ 40.

ಯೋಜನೆ ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ, ಅದನ್ನ ಇಲ್ಲಿ ಎಳೀಬೇಡಿ. ನಾನು ಹೇಳೋದು ಇಷ್ಟೇ. ತಿಂಗಳಿಗೆ 100 ಯೂನಿಟ್ ಬಳಸೋ ಮನೆಗೆ ಮರೆವಿನ 7 ಯೂನಿಟ್ ದೊಡ್ಡದಲ್ಲ. 195ರಲ್ಲಿ ಓಡಾಡೋ ಮನೆಗೆ ಅದೇ 7 ಯೂನಿಟ್ ಅಂದ್ರೆ ಗುಂಡಿ ಅಂಚಲ್ಲಿ ನಿಂತಂಗೆ. ನಿಮ್ಮ ಕಳೆದ ಮೂರು ಬಿಲ್ ತೆಗೆದು ನೋಡಿ, ನೀವು ಎಲ್ಲಿ ನಿಂತಿದ್ದೀರಿ ಅಂತ ಗೊತ್ತಾಗುತ್ತೆ. ಚಳಿಗಾಲದ ಬಿಲ್ ಇದ್ರೆ ಇನ್ನೂ ಒಳ್ಳೇದು.

ಭಾಗ 5/7

ಈ ಗೋಡೆ ಮೇಲಿನ ದುಂಡನೆ ಡಬ್ಬಿ ಫೋಟೋ ನಂದಲ್ಲ. ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿರೋ ದೊಡ್ಡಪ್ಪನ ಮಗಳು ಕಳಿಸಿದ್ದು. ಅಲ್ಲಿ ಚಳಿಗಾಲದಲ್ಲಿ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗುತ್ತೆ, ಹಾಗಾಗಿ ನಮ್ಮ ಗೀಸರ್ ಥರ ಅಲ್ಲಿ ಇಡೀ ಮನೇನೇ ಕಾಯಿಸಬೇಕು. ಅದನ್ನ ನೋಡ್ಕೊಳ್ಳೋದು ಗೋಡೆ ಮೇಲಿನ ಥರ್ಮೋಸ್ಟಾಟ್.

ಅದರ ಕಥೆ ಚೆನ್ನಾಗಿದೆ. ವಿಸ್ಕಾನ್ಸಿನ್ ರಾಜ್ಯದಲ್ಲಿ ವಾರೆನ್ ಜಾನ್ಸನ್ ಅಂತ ಒಬ್ಬರು ಮೇಷ್ಟ್ರಿದ್ರು. ಕ್ಲಾಸ್‌ರೂಮು ತುಂಬಾ ತಣ್ಣಗಾದ್ರೆ, ಇಲ್ಲಾ ತುಂಬಾ ಬಿಸಿ ಆದ್ರೆ, ಯಾರಾದ್ರೂ ಹೋಗಿ ಕೆಳಗಡೆ ಒಲೆ ನೋಡ್ಕೊಳ್ಳೋ ಆಳಿಗೆ ಹೇಳಬೇಕಿತ್ತು. ಆ ಓಡಾಟ ತಪ್ಪಿಸೋಕೆ ಅವರು ವಿದ್ಯುತ್ ಥರ್ಮೋಸ್ಟಾಟ್ ಮಾಡಿ 1883ರಲ್ಲಿ ಪೇಟೆಂಟ್ ತಗೊಂಡ್ರು. ಫೋಟೋದಲ್ಲಿರೋ ದುಂಡನೆ ಮಾದರಿ ಹನಿವೆಲ್ ಕಂಪನಿ 1953ರಲ್ಲಿ ತಂದಿದ್ದು. ಅಂಥ ಹಳೇವುಗಳ ಒಳಗೆ ಒಂದು ಪುಟ್ಟ ಗಾಜಿನ ಗುಂಡಿಯಲ್ಲಿ ಪಾದರಸ ಇರುತ್ತೆ. ಅದು ಆ ಕಡೆ ಈ ಕಡೆ ಉರುಳಿದಾಗ ಹೀಟಿಂಗ್ ಆನ್, ಆಫ್. ಬದಲಾಯಿಸೋವಾಗ ಕಸಕ್ಕೆ ಹಾಕೋ ಹಾಗಿಲ್ಲ, ಪಾದರಸ ವಿಷ.

ಅಕ್ಕ ಅದನ್ನ ತೆಗೆಸಿ ಟೈಮ್ ಸೆಟ್ ಮಾಡೋ ಪ್ರೋಗ್ರಾಮೆಬಲ್ ಥರ್ಮೋಸ್ಟಾಟ್ ಹಾಕಿಸಿದ್ರು. ದಿನಕ್ಕೆ ಎಂಟು ಗಂಟೆ ನಾಲ್ಕೈದು ಡಿಗ್ರಿ ಸೆಲ್ಸಿಯಸ್ ಇಳಿಸಿಟ್ರೆ ವರ್ಷದ ಹೀಟಿಂಗ್, ಕೂಲಿಂಗ್ ಖರ್ಚಲ್ಲಿ 10 ಪರ್ಸೆಂಟ್‌ವರೆಗೂ ಉಳಿಯಬಹುದು ಅಂತ ಅಲ್ಲಿನ ಇಂಧನ ಇಲಾಖೆ ಹೇಳುತ್ತೆ.

ಆದ್ರೆ ಇಲ್ಲೊಂದು ಟ್ವಿಸ್ಟ್ ಇದೆ. ನಮ್ಮಲ್ಲಿ ಸ್ಟಾರ್ ಲೇಬಲ್ ಇದ್ದ ಹಾಗೆ ಅಲ್ಲಿ ಎನರ್ಜಿ ಸ್ಟಾರ್ ಅಂತ ಸರ್ಕಾರಿ ಗುರುತು ಇದೆ. ಪ್ರೋಗ್ರಾಮೆಬಲ್ ಥರ್ಮೋಸ್ಟಾಟ್‌ಗಳಿಗೆ ಕೊಡ್ತಿದ್ದ ಆ ಗುರುತನ್ನ 2009ರ ಕೊನೆಗೆ ನಿಲ್ಲಿಸಿಬಿಟ್ರು. ಯಂತ್ರ ಕೆಟ್ಟಿರಲಿಲ್ಲ. ಅದನ್ನ ಕೊಂಡವರಲ್ಲಿ ಸುಮಾರು ಜನ ಪ್ರೋಗ್ರಾಮ್ ಮಾಡ್ತಾನೇ ಇರಲಿಲ್ಲ. "ಹೋಲ್ಡ್" ಬಟನ್ ಒತ್ತಿ ಹಳೇದರ ಥರಾನೇ ಬಳಸ್ತಿದ್ರು. ಹಾಗಾಗಿ ಹೇಳಿದಷ್ಟು ಉಳಿತಾಯ ಮನೆಗಳಲ್ಲಿ ಕಾಣಲಿಲ್ಲ.

ಅಕ್ಕನಿಗೆ ಫೋನಲ್ಲಿ ಕೇಳಿದೆ. "ನೀನು ಏನ್ ಮಾಡ್ತೀಯ?" ಸ್ವಲ್ಪ ಹೊತ್ತು ಸುಮ್ಮನಿದ್ದು "ಹೋಲ್ಡ್" ಅಂದ್ರು.

ಭಾಗ 6/7

ಅದರಿಂದ ನಾನು ಕಲಿತಿದ್ದು: ಯಂತ್ರ ಕೊಳ್ಳೋದು ಕೆಲಸದ ಅರ್ಧ. ಇನ್ನರ್ಧ ಮನೆಯವರೆಲ್ಲಾ ಕೂತು ಟೈಮ್ ಹಾಕೋದು. ಈ ಭಾಗ ಸೇವ್ ಮಾಡಿ ಇಟ್ಕೊಳ್ಳಿ.

ಒಂದು, ಮೊದಲು ಒಳಗಿನದು ಸರಿ ಮಾಡಿಸಿ. ಥರ್ಮೋಸ್ಟಾಟ್, ಕಟೌಟ್, ವಾಲ್ವ್ ಮೂರೂ ನೋಡೋಕೆ ಹೇಳಿ. ಕಟೌಟ್ ಬೈಪಾಸ್ ಆಗಿದೆಯಾ ಅಂತ ಬಾಯಿಬಿಟ್ಟು ಕೇಳಿ. ಕೆಟ್ಟ ಗೀಸರ್ ಮೇಲೆ ಟೈಮರ್ ಹಾಕೋದು ಬ್ರೇಕ್ ಇಲ್ಲದ ಗಾಡಿಗೆ ಹೊಸ ಹಾರ್ನ್ ಹಾಕ್ಸಿದಂಗೆ.

ಎರಡು, ಟೈಮರ್ ಮೇಲೆ 16 ಆಂಪ್ ಅಂತ ಇರಲೇಬೇಕು. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪ್ ಎಳೆಯುತ್ತೆ, 3 ಕಿಲೋವ್ಯಾಟ್ ಆದ್ರೆ 13. ದೀಪಕ್ಕೆ ಅಂತ ಮಾಡಿರೋ 6 ಆಂಪ್ ಟೈಮರ್ ಹಾಕಿದ್ರೆ ಅದೇ ಸುಟ್ಟುಹೋಗುತ್ತೆ. ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ವಿಡಿಯೋ ನೋಡಿ ನೀವೇ ಬಿಚ್ಚಬೇಡಿ, ಅದು ಬಚ್ಚಲುಮನೆ, ನೀರಿರೋ ಜಾಗ.

ಮೂರು, ಕರೆಂಟ್ ಹೋಗೋ ಊರಲ್ಲಿ ಬ್ಯಾಟರಿ ಬ್ಯಾಕಪ್ ಇರೋ ಡಿಜಿಟಲ್ ಟೈಮರ್ರೇ ತಗೊಳ್ಳಿ. ಬ್ಯಾಕಪ್ ಇಲ್ಲದ ತಿರುಗೋ ಡಯಲ್‌ನದು ಅಗ್ಗ, ಆದ್ರೆ ಕರೆಂಟ್ ಎರಡು ಗಂಟೆ ಹೋದ್ರೆ ಅದರ ಗಡಿಯಾರಾನೂ ಎರಡು ಗಂಟೆ ಹಿಂದೆ ಬೀಳುತ್ತೆ. ಬೆಳಗ್ಗೆ 6ಕ್ಕೆ ತಣ್ಣೀರು ಸಿಕ್ಕಿದಾಗ ಟೈಮರ್ ಸಲಹೆ ಕೊಟ್ಟವರಿಗೆ ಬೈತೀರಿ.

ನಾಲ್ಕು, ಕಾಯೋಕೆ ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಿ. 15 ಲೀಟರ್, ಚಳಿಗಾಲದ 20 ಡಿಗ್ರಿ ನೀರು 60ಕ್ಕೆ ಏರೋಕೆ 0.7 ಯೂನಿಟ್, 2 ಕಿಲೋವ್ಯಾಟ್‌ಗೆ 21 ನಿಮಿಷ. ಹಾಗಾಗಿ ಮೊದಲ ಸ್ನಾನಕ್ಕೆ 25 ನಿಮಿಷ ಮುಂಚೆ ಶುರು ಆದ್ರೆ ಸಾಕು. ಒಂದು ಗಂಟೆ ಮುಂಚೆ ಬೇಕಿಲ್ಲ.

ಐದು, ಉಳಿತಾಯ ಅಂತ ಥರ್ಮೋಸ್ಟಾಟ್‌ನ 40ಕ್ಕೆ ಇಳಿಸಬೇಡಿ. ಉಗುರುಬೆಚ್ಚಗಿನ ನೀರು ಟ್ಯಾಂಕಲ್ಲಿ ದಿನಗಟ್ಟಲೆ ನಿಂತ್ರೆ ಲೀಜಿಯೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬೆಳೆಯೋಕೆ ಅನುಕೂಲ. 60ರಲ್ಲಿರಲಿ, ಬಕೆಟ್‌ಗೆ ತಣ್ಣೀರು ಬೆರೆಸ್ಕೊಳ್ಳಿ. ಮಕ್ಕಳಿರೋ ಮನೇಲಿ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬಿಡಿ.

ಆರು, ಬೈಪಾಸ್ ಬಟನ್ ಎಲ್ಲಿದೆ ಅಂತ ಎಲ್ಲರಿಗೂ ತೋರಿಸಿ, ಅಜ್ಜಿಗೂ. ಟೈಮ್ ಮೀರಿ ಬಿಸಿನೀರು ಬೇಕಾದವರು ಒಬ್ಬರ ಹತ್ರ ಹೋಗಿ ಕೇಳೋ ಹಾಗಾದ್ರೆ ಮತ್ತೆ ಕಥೆ ಅಲ್ಲಿಗೇ ಬಂತು.

ನಮ್ಮನೆ ಟೈಮ್: ಬೆಳಗ್ಗೆ 5.20ರಿಂದ 7.45, ಸಂಜೆ 6.30ರಿಂದ 7. ಅಕ್ಕ ಬೆಂಗಳೂರಿನ ಟ್ರೈನ್ ಹಿಡೀಬೇಕು, ಅವಳದು ಮೊದಲು. ಅಜ್ಜಿದು ಬಿಸಿಲು ಬಂದ ಮೇಲೆ, ಕೊನೆಗೆ. ಈ ಪಟ್ಟಿ ಮಾಡೋಕೆ ಒಂದು ಸಂಜೆ ಹಿಡೀತು, ಎರಡು ಜಗಳ ಆಯ್ತು.

ಭಾಗ 7/7

ಕೊನೇ ಫೋಟೋ ಅಮ್ಮಂದು. ಮುಖ ಕಾಣಬಾರದು ಅಂದ್ರು, ಅದಕ್ಕೆ ಕಾಫಿ ಲೋಟ ಹಿಡಿದ ಕೈ ಮಾತ್ರ.

ಅಪ್ಪ ಕೇಳಿದ ಪ್ರಶ್ನೆ ನಿಮ್ಮಲ್ಲೂ ಕೆಲವರು ಕೇಳ್ತೀರಿ: "ಒಂದು ಸ್ವಿಚ್ ಆರಿಸೋಕೆ ಇನ್ನೊಂದು ಮಷೀನ್ ಬೇಕಾ? ಸ್ವಲ್ಪ ಜವಾಬ್ದಾರಿ ಇದ್ರೆ ಸಾಲದಾ?" ಕೇಳೋಕೆ ನ್ಯಾಯವಾಗೇ ಇದೆ. ನಾನೂ ಅದನ್ನೇ ಯೋಚನೆ ಮಾಡಿದೆ. ಆದರೆ ಐದು ಜನ ಸ್ನಾನ ಮಾಡ್ತೀವಿ, ಜವಾಬ್ದಾರಿ ಒಬ್ಬರದು. ನಾವು ನಾಲ್ಕು ಜನ ಮರೆತರೆ ಅದು ಮರೆವು, ಅಮ್ಮ ಮರೆತರೆ ಅದು ತಪ್ಪು. ಅಂಥದ್ದನ್ನ ಜವಾಬ್ದಾರಿ ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ.

ಅಜ್ಜಿ ಹೇಳ್ತಾರೆ, ಅವರ ಕಾಲದಲ್ಲಿ ಹಂಡೆ ಇತ್ತು, ಬಚ್ಚಲೊಲೆ ಇತ್ತು, ಆರಿಸೋದು ಮರೆಯೋ ಮಾತೇ ಇರಲಿಲ್ಲ, ಸೌದೆ ಮುಗಿದರೆ ತಾನೇ ಆರುತ್ತೆ ಅಂತ. ನಿಜ. ಆದರೆ ಬೆಳಗಿನ ಜಾವ ಎದ್ದು ಆ ಒಲೆಗೆ ಉರಿ ಹಾಕ್ತಿದ್ದವರು ಯಾರು ಅಂತ ಕೇಳಿದೆ. ಅಜ್ಜಿ ನಕ್ಕರು. ನೀರು ತುಂಬೋ ಹಬ್ಬದ ದಿನ ಹಂಡೆ ತೊಳೆದು, ಪೂಜೆ ಮಾಡಿ, ಮಾರನೇ ದಿನ ಎಲ್ಲರಿಗೂ ಎಣ್ಣೆ ಸ್ನಾನ ಮಾಡಿಸಿ, ಕೊನೆಗೆ ತಾನು ಉಳಿದ ನೀರಲ್ಲಿ ಮೀಯೋದು. ಅದೂ ಅವರೇ.

ಹಂಡೆ ಹೋಗಿ ಗೀಸರ್ ಬಂತು, ಸೌದೆ ಹೊಗೆ ತಪ್ಪಿತು. 5 ಗಂಟೆಯ ಅಲಾರಾಂ ಮಾತ್ರ ತಪ್ಪಿರಲಿಲ್ಲ. ಅಮ್ಮ ಇಷ್ಟು ವರ್ಷ ಅಷ್ಟು ಹೊತ್ತಿಗೆ ಏಳ್ತಿದ್ದಿದ್ದು ಅಡುಗೆಗೆ ಅಂತ ಅಂದ್ಕೊಂಡಿದ್ದೆ. ಟೈಮರ್ ಬಂದ ಎರಡನೇ ವಾರ ಅವರು 5.45ಕ್ಕೆ ಏಳೋಕೆ ಶುರು ಮಾಡಿದ್ರು. ಮುಕ್ಕಾಲು ಗಂಟೆ ಹೆಚ್ಚು ನಿದ್ದೆ. ಇದಕ್ಕೆ ಪೇಬ್ಯಾಕ್ ಪೀರಿಯಡ್ ಲೆಕ್ಕ ಹಾಕೋದನ್ನ ನಮ್ಮ ಸಿಲೆಬಸ್‌ನಲ್ಲಿ ಹೇಳಿಕೊಟ್ಟಿಲ್ಲ.

ಅದಕ್ಕೇ ನನ್ನ ಅಭಿಪ್ರಾಯ ಇದು. ಬಿಲ್ 200ರ ಹತ್ರ ಓಡಾಡೋ ಮನೆ ಆದ್ರೆ ದುಡ್ಡಿಗೋಸ್ಕರ ಹಾಕಿಸಿ. ಅಲ್ಲದಿದ್ರೆ ಉಳಿತಾಯದ ಆಸೆ ಬಿಟ್ಟು, ಮನೇಲಿ ಒಬ್ಬರ ತಲೆಯಿಂದ ಒಂದು ಭಾರ ಇಳಿಸೋಕೆ ಹಾಕಿಸಿ. 1,800 ರೂಪಾಯಿ ಇಲ್ಲ ಅಂದ್ರೂ ಪರವಾಗಿಲ್ಲ, ಕೊನೆಗೆ ಸ್ನಾನ ಮಾಡಿದವರೇ ಆಫ್ ಮಾಡಬೇಕು ಅನ್ನೋ ಚೀಟಿ ಬರೆದು ಬಾಗಿಲಿಗೆ ಅಂಟಿಸಿ. ಅದಕ್ಕೆ ಖರ್ಚಿಲ್ಲ.

ನಮ್ಮ ಮನೇಲಿ ಈಗ ಆ ಹಳೇ ಪ್ರಶ್ನೆ ಯಾರೂ ಕೇಳಲ್ಲ. ನಿನ್ನೆ ಸಂಜೆ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರ್ತಿತ್ತು, ತುಂಬಿ ಅಂಗಳಕ್ಕೆ ಸುರಿಯೋಕೆ ಶುರು ಆಯ್ತು. ಅಪ್ಪ ಟಿವಿ ಮುಂದಿನಿಂದ ಅಡುಗೆಮನೆ ಕಡೆ ಕೂಗಿದ್ರು:

"ಮೋಟಾರ್ ಆಫ್ ಮಾಡಿದ್ಯಾ?"

ಮುಂದಿನ ಸರಣಿ ಅದರ ಮೇಲೆ. ನಿಮ್ಮನೇಲಿ ಗೀಸರ್ ಆಫ್ ಮಾಡೋದು ಯಾರು, ಬೈಸಿಕೊಳ್ಳೋದು ಯಾರು, ಎರಡೂ ಕಾಮೆಂಟಲ್ಲಿ ಬರೀರಿ.

#ಗೀಸರ್ #ಮನೆಲೆಕ್ಕ #ತುಮಕೂರು #ಕನ್ನಡಬರಹ